ಫೋನಿನ ಕಣ್ಣು

ಕ್ಯಾಮೆರಾ ಅಂದರೆ ಫೋನಿನ ಕಣ್ಣು. ಕೆಲವು ಆ್ಯಪ್‌ಗಳು ಕ್ಯಾಮೆರಾಗೆ ಅನುಮತಿ ಕೇಳುತ್ತವೆ. ಅವಸರದಲ್ಲಿ ಒತ್ತಬೇಡಿ. ಓದಿ ಒತ್ತಿರಿ.

ವಿಡಿಯೋ ಕರೆಗೆ ಕ್ಯಾಮೆರಾ ಬೇಕು. ಕೊಡಿ. ಹಾಡು ಕೇಳೋ ಆ್ಯಪಿಗೆ ಯಾತಕ್ಕೆ? ಬೇಡ ಅನ್ನಿ.

ಸಾಲದ ಆ್ಯಪ್ ಆದರೆ ಇನ್ನೂ ಎಚ್ಚರ. ಫೋಟೋ ತಿದ್ದಿ ಹೆಂಗಸರನ್ನು ಹೆದರಿಸಿದ್ದೂ ಉಂಟು. 2022ರಲ್ಲಿ ರಿಸರ್ವ್ ಬ್ಯಾಂಕು ನಿಯಮ ತಂದಿತು. ಸಾಲದ ಆ್ಯಪು ನಿಮ್ಮ ಗುರುತು ನೋಡಲು ಒಂದು ಸಲ ಮಾತ್ರ ಕ್ಯಾಮೆರಾ ಬಳಸಬಹುದು. ಅದಕ್ಕೂ ನಿಮ್ಮ ಒಪ್ಪಿಗೆ ಬೇಕು. ಫೋನಿನಲ್ಲಿರುವ ಫೋಟೋ, ನಂಬರು ಮುಟ್ಟುವಂತಿಲ್ಲ.

ಕೊಟ್ಟ ಅನುಮತಿ ವಾಪಸ್ ಪಡೆಯಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಹೀಗೆ ಮಾಡಿ:
1. ಸೆಟ್ಟಿಂಗ್ಸ್ ತೆರೆಯಿರಿ.
2. ಆ್ಯಪ್‌ಗಳು ಒತ್ತಿ. ಆ ಆ್ಯಪ್ ಹುಡುಕಿ.
3. ಅನುಮತಿಗಳು ಒತ್ತಿ. ಕ್ಯಾಮೆರಾ ಒತ್ತಿ.
4. 'ಅನುಮತಿಸಬೇಡಿ' ಒತ್ತಿ.

ಅಕ್ಕ ತಂಗಿಯರೇ, ಫೋನು ನಮ್ಮದು. ಅನುಮತಿಯೂ ನಮ್ಮದೇ.

ಓದಿ, ಬರೆಯಿರಿ: ಅನುಮತಿ, ಒಪ್ಪಿಗೆ, ಎಚ್ಚರ.