ಹಡಗಿನ ಪತ್ರದಲ್ಲಿ ಯಾವ ತಾರೀಖು ನೋಡಬೇಕು?



ನಿಮ್ಮ ಸಂಘದ ಕಾಫಿ ಮಂಗಳೂರು ಬಂದರಿನಿಂದ ಹೊರದೇಶಕ್ಕೆ ಹೊರಟಾಗ ಹಡಗಿನ ಕಂಪೆನಿ ಕೊಡುವ ಪತ್ರಕ್ಕೆ ‘ಬಿಲ್ ಆಫ್ ಲೇಡಿಂಗ್’ ಎನ್ನುತ್ತಾರೆ. ಸರಕು ಮುಟ್ಟಿದ್ದಕ್ಕೆ ಅದೇ ರಸೀದಿ. ಅದರಲ್ಲಿ ಎರಡು ತಾರೀಖುಗಳಿರಬಹುದು: ಪತ್ರ ಬರೆದ ದಿನ, ಸರಕು ಹಡಗನ್ನೇರಿದ ದಿನ.

ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಮೇಲಿನ ವ್ಯಾಪಾರದಲ್ಲಿ ರವಾನೆಗೆ ಏಪ್ರಿಲ್ 30 ಕೊನೆಯ ದಿನವೆನ್ನಿ. ಮೂಟೆಗಳು 27ಕ್ಕೇ ಬಂದರು ಸೇರಿದವು, ಪತ್ರವೂ ಅಂದೇ ಕೈಸೇರಿತು. ಹಡಗು ಮಾತ್ರ ತಡವಾಗಿ ಬಂದಿತು. ‘ಹಡಗಿಗೆ ಏರಿಸಿದೆ’ ಎಂಬ ಟಿಪ್ಪಣಿಗೆ ಮೇ 2ರ ತಾರೀಖು ಬಿತ್ತು. ಆಗ ರವಾನೆಯ ದಿನ ಮೇ 2 ಎಂದೇ ಲೆಕ್ಕ. ಬ್ಯಾಂಕು ಹಣ ಕೊಡಲು ಒಪ್ಪದಿರಬಹುದು. ಬೇರೆ ತಾರೀಖಿನ ಟಿಪ್ಪಣಿ ಇಲ್ಲದೆ, ಸರಕು ಏರಿದೆಯೆಂದು ಪತ್ರವೇ ಹೇಳಿದ್ದರೆ, ಪತ್ರ ಬರೆದ ದಿನವೇ ರವಾನೆಯ ದಿನ. 2007ರಿಂದ ಜಾರಿಯಲ್ಲಿರುವ ‘ಯುಸಿಪಿ 600’ ನಿಯಮಗಳು ಹೇಳುವುದು ಇದನ್ನೇ.

ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ರವಾನೆಯಾದ 21 ದಿನಗಳೊಳಗೆ ಕಾಗದಗಳು ಬ್ಯಾಂಕಿಗೆ ತಲುಪಬೇಕು. ಅದಕ್ಕೆ ಮೊದಲೇ ಲೆಟರ್ ಆಫ್ ಕ್ರೆಡಿಟ್‌ನ ವಾಯಿದೆ ಮುಗಿಯುವುದಾದರೆ ಆ ದಿನದೊಳಗೇ.

‘ಹಿಂದಿನ ತಾರೀಖು ಬರೆಸಿಕೊಡುತ್ತೇನೆ’ ಎನ್ನುವವರೂ ಸಿಗುತ್ತಾರೆ. ಅದು ವಂಚನೆ, ಕೊಳ್ಳುವವನು ಕೋರ್ಟಿಗೆ ಹೋಗಬಹುದು. ಹಡಗು ತಡವೆಂದು ತಿಳಿದ ಕೂಡಲೇ ಕೊಳ್ಳುವವನಿಗೆ ಬರೆದು, ಬ್ಯಾಂಕಿನ ಮೂಲಕ ಗಡುವನ್ನು ತಿದ್ದಿಸಿಕೊಳ್ಳಿರಿ.