ತೊಗಲಿನ ಒಳಗೇನಿದೆ?

ಈ ಸಲ ವೇಮಗಲ್, ನರಸಾಪುರ, ಮಾಲೂರು ಕಡೆಯಿಂದ ಬಂದ ಪತ್ರಗಳೆಲ್ಲ ಚೆಂಡಿನ ಬಗ್ಗೆಯೇ ಇವೆ. ನನಗೆ ಸಂತೋಷವಾಯಿತು. ಬ್ಯಾಟು ಕೊಳ್ಳುವಾಗ ಹತ್ತು ಅಂಗಡಿ ಸುತ್ತುವ ನಮ್ಮ ಹುಡುಗರು, ಚೆಂಡಿನ ವಿಷಯಕ್ಕೆ ಬಂದರೆ ಅಂಗಡಿಯವರು ಕೈಗಿಟ್ಟದ್ದನ್ನೇ ತರುತ್ತಾರೆ. ಶ್ರೀನಿವಾಸಪುರದ ಮಾವನ್ನು ಬರೀ ಸಿಪ್ಪೆಯ ಬಣ್ಣ ನೋಡಿ ಯಾರೂ ಕೊಳ್ಳುವುದಿಲ್ಲ. ಚೆಂಡನ್ನೂ ಹಾಗೆ ಕೊಳ್ಳಬಾರದು.

ಪ್ರಶ್ನೆ: ನಮ್ಮದು ಟೆನಿಸ್ ಬಾಲ್ ಟೀಮು. ಈ ವರ್ಷ ಲೆದರ್ ಬಾಲ್ ಆಡೋಣ ಅಂತಿದ್ದೇವೆ. ಅಂಗಡಿಯಲ್ಲಿ ‘ಟೂ ಪೀಸ್’, ‘ಫೋರ್ ಪೀಸ್’ ಅಂತ ಎರಡು ಥರ ತೋರಿಸಿದರು. ನೋಡಲು ಎರಡೂ ಒಂದೇ, ಬೆಲೆ ಮಾತ್ರ ಬೇರೆ. ಯಾವುದು ತಗೊಳ್ಳೋದು ಸರ್?
— ತಂಡದ ನಾಯಕ, ವೇಮಗಲ್

ಉತ್ತರ: ಟೂ ಪೀಸ್ ಅಂದರೆ ಬಟ್ಟಲಿನಂತೆ ಅಚ್ಚೊತ್ತಿದ ಎರಡು ತೊಗಲು ತುಂಡು. ಎರಡನ್ನೂ ಬಾಯಿಗೆ ಬಾಯಿ ಕೂಡಿಸಿ ಹೊಲಿದರೆ ಚೆಂಡಾಯಿತು. ಫೋರ್ ಪೀಸ್‌ನಲ್ಲಿ ಒಂದೊಂದು ಅರ್ಧವನ್ನೂ ಎರಡೆರಡು ತುಂಡು ಜೋಡಿಸಿ ಮಾಡುತ್ತಾರೆ. ಆ ಜೋಡಣೆಯ ಹೊಲಿಗೆ ಒಳಮುಖವಾಗಿರುತ್ತದೆ. ಮೇಲೆ ಸಣ್ಣ ಗೆರೆಯಷ್ಟೇ ಕಾಣುತ್ತದೆ. ಆ ಗೆರೆ ಇದ್ದರೆ ಫೋರ್ ಪೀಸ್, ಇಲ್ಲದಿದ್ದರೆ ಟೂ ಪೀಸ್. ತುಂಡುಗಳು ನಾಲ್ಕಾದಾಗ ತೊಗಲು ತಿರುಳಿಗೆ ಚೆನ್ನಾಗಿ ಅಪ್ಪಿ ಕೂರುತ್ತದೆ, ಚೆಂಡು ಬೇಗ ಆಕಾರ ಕೆಡುವುದಿಲ್ಲ.

ಅಭ್ಯಾಸಕ್ಕೂ 20 ಓವರಿನ ಪಂದ್ಯಕ್ಕೂ ಒಳ್ಳೆಯ ಟೂ ಪೀಸ್ ಸಾಕು. ದಿನವಿಡೀ ಆಡುವ ಪಂದ್ಯಕ್ಕೆ ಫೋರ್ ಪೀಸ್ ಬೇಕು. ಯಾವುದನ್ನೇ ಕೊಂಡರೂ ಮೂರು ಪರೀಕ್ಷೆ ಮಾಡಿ. ಮೊದಲನೆಯದು ತೂಕ. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಡಿ, ದೊಡ್ಡವರ ಚೆಂಡು ಸುಮಾರು 156ರಿಂದ 163 ಗ್ರಾಂ ತೂಗಬೇಕು. ಎರಡನೆಯದು ದುಂಡುತನ. ಗಾಜಿನ ಮೇಜಿನ ಮೇಲೆ ಮೆಲ್ಲಗೆ ಉರುಳಿಸಿ, ತೂರಾಡಿದರೆ ಬೇಡ. ಮೂರನೆಯದು ಪುಟಿತ. ಭುಜದ ಎತ್ತರದಿಂದ ಸಿಮೆಂಟ್ ನೆಲಕ್ಕೆ ಬೇರೆ ಬೇರೆ ಮಗ್ಗುಲಾಗಿ ನಾಲ್ಕು ಸಲ ಬಿಡಿ. ನಾಲ್ಕು ಸಲವೂ ಒಂದೇ ಎತ್ತರಕ್ಕೆ ಎದ್ದರೆ ತಿರುಳು ಸರಿಯಾಗಿ ನಡುವೆ ಕೂತಿದೆ ಎಂದು ತಿಳಿಯಿರಿ.

ಇನ್ನೊಂದು ಮಾತು. ಟೆನಿಸ್ ಬಾಲ್ 60 ಗ್ರಾಂ ಕೂಡ ತೂಗುವುದಿಲ್ಲ. ಹೆಚ್ಚುಕಡಿಮೆ ಮೂರು ಪಟ್ಟು ಭಾರಕ್ಕೆ ನಿಮ್ಮ ಬೌಲರ್‌ಗಳ ಭುಜ ಒಗ್ಗಿಕೊಳ್ಳಲು ಒಂದು ತಿಂಗಳಾದರೂ ಕೊಡಿ.

ಪ್ರಶ್ನೆ: ನಾವು ಮ್ಯಾಟ್ ಮೇಲೆ ಆಡುತ್ತೇವೆ. 15 ಓವರ್ ಆಗುವಷ್ಟರಲ್ಲಿ ಚೆಂಡು ಮೆತ್ತಗಾಗಿ ಮೊಟ್ಟೆಯ ಥರ ಆಗುತ್ತದೆ. ಒಮ್ಮೆ ಮೊಣಕಾಲಿಗೆ, ಒಮ್ಮೆ ಎದೆಗೆ ಬರುತ್ತದೆ. ತೊಗಲು ಕಳಪೆ ಎಂದು ಗೆಳೆಯರು ಹೇಳುತ್ತಾರೆ. ನಿಜವೇ?
— ಕಾಲೇಜು ವಿದ್ಯಾರ್ಥಿ, ಕೋಲಾರ

ಉತ್ತರ: ತಪ್ಪು ತೊಗಲಿನದಲ್ಲ, ತಿರುಳಿನದು. ಹಳೆಯ ಚೆಂಡುಗಳನ್ನು ಗರಗಸದಿಂದ ಎರಡು ಹೋಳು ಮಾಡಿ ಹುಡುಗರಿಗೆ ತೋರಿಸುವುದು ನನ್ನ ರೂಢಿ. ಒಳ್ಳೆಯ ಚೆಂಡಿನ ನಡುವೆ ಕಾರ್ಕಿನ ಗುಂಡು ಇರುತ್ತದೆ. ಅದರ ಸುತ್ತ ಉಣ್ಣೆಯ ನೂಲನ್ನು ಬಿಗಿಯಾಗಿ ಸುತ್ತಿ, ನಡುನಡುವೆ ತೆಳು ಕಾರ್ಕಿನ ಪದರ ಇಟ್ಟು, ಮತ್ತೆ ಸುತ್ತಿರುತ್ತಾರೆ. ಕಾರ್ಕ್ ಎಂಬುದು ಒಂದು ಮರದ ತೊಗಟೆ. ಅದರ ಕಣಕಣದಲ್ಲೂ ಗಾಳಿ ತುಂಬಿರುತ್ತದೆ, ಅದುಮಿದರೆ ತಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಪುಟಿತ ಬರುವುದು ಅಲ್ಲಿಂದ. ಏಟು ಬಿದ್ದಾಗ ಆಕಾರ ಹಿಡಿದಿಡುವುದು ನೂಲಿನ ಬಿಗಿ. ಅಗ್ಗದ ಚೆಂಡಿನಲ್ಲಿ ಕಾರ್ಕ್ ಪುಡಿಯನ್ನು ರಬ್ಬರಿನೊಂದಿಗೆ ಕಲಸಿ ಅಚ್ಚು ಹಾಕಿರುತ್ತಾರೆ, ಇಲ್ಲವೇ ನೂಲನ್ನು ಸಡಿಲವಾಗಿ ಸುತ್ತಿರುತ್ತಾರೆ. ನಾಲ್ಕು ಬೌಂಡರಿ ಹೊಡೆಸಿಕೊಂಡರೆ ಸಡಿಲ ನೂಲು ಒಂದು ಕಡೆ ಸರಿಯುತ್ತದೆ. ಚೆಂಡು ಮೊಟ್ಟೆಯಾಗುವುದು ಆಗ.

ಮ್ಯಾಟಿನ ಕೆಳಗೆ ಬಹುಪಾಲು ಸಿಮೆಂಟ್ ಹಾಸು ಇರುವುದರಿಂದ ಪ್ರತಿ ಎಸೆತದ ಪೆಟ್ಟನ್ನೂ ತಿರುಳೇ ತಿನ್ನಬೇಕು. ಮ್ಯಾಟ್ ದಾಟಿದರೆ ನಮ್ಮ ಕಡೆಯ ಕೆಂಪು ಗರಸು ಮಣ್ಣು ಉಪ್ಪುಕಾಗದದ ಹಾಗೆ ತೊಗಲನ್ನು ಉಜ್ಜುತ್ತದೆ. ನಿಮ್ಮ ಚೆಂಡಿಗೆ ಒಳಗೂ ಏಟು, ಹೊರಗೂ ಏಟು. ಫೀಲ್ಡರ್‌ಗಳಿಗೆ ಚೆಂಡನ್ನು ನೆಲಕ್ಕೆ ಪುಟಿಸಿ ಎಸೆಯಬೇಡಿ ಎನ್ನಿ. ಒದ್ದೆಯಾದರೆ ಬಿಸಿಲಲ್ಲಿ ಇಡಬೇಡಿ. ಒಣಬಟ್ಟೆಯಿಂದ ಒರೆಸಿ ನೆರಳಲ್ಲಿ ಆರಿಸಿ.

ಪ್ರಶ್ನೆ: ಹೊಸ ಚೆಂಡು ಕೊಟ್ಟರೂ ನನ್ನದು ನೇರವಾಗಿಯೇ ಹೋಗುತ್ತದೆ, ಸ್ವಿಂಗ್ ಆಗುವುದಿಲ್ಲ. ಎಂಜಲು ಹಚ್ಚಿ ಉಜ್ಜಿದರೆ ಆಗುತ್ತದೆ ಎನ್ನುತ್ತಾರೆ. ದಾರಿ ತೋರಿಸಿ.
— ವೇಗದ ಬೌಲರ್, ಮುಳಬಾಗಿಲು

ಉತ್ತರ: ಎಂಜಲಿನ ಮಾತು ಬಿಡಿ. ಕೊರೊನಾ ಕಾಲದಲ್ಲಿ, 2020ರಲ್ಲಿ ನಿಂತ ಆ ಪದ್ಧತಿಯನ್ನು 2022ರಲ್ಲಿ ಕ್ರಿಕೆಟ್ ನಿಯಮಾವಳಿಯೇ ಕಾಯಂ ಆಗಿ ನಿಷೇಧಿಸಿತು. ಬೆವರು ಹಚ್ಚಬಹುದು, ಪ್ಯಾಂಟಿಗೆ ಉಜ್ಜಬಹುದು. ಉಗುರಿನಿಂದ ಕೆರೆಯುವುದು ಮೋಸ.

ಸ್ವಿಂಗ್ ಹುಟ್ಟುವುದು ಹೊಲಿಗೆಯಲ್ಲಿ. ಆರು ಸಾಲಿನ ಆ ಹೊಲಿಗೆಯನ್ನು ನೇರ ನಿಲ್ಲಿಸಿ, ಸುಮಾರು 20 ಡಿಗ್ರಿ ಸ್ಲಿಪ್ ಕಡೆ ವಾಲಿಸಿ ಬಿಡಿ. ಹೊಲಿಗೆ ಇರುವ ಮಗ್ಗುಲಲ್ಲಿ ಗಾಳಿ ಕದಡುತ್ತದೆ, ಕದಡಿದ ಗಾಳಿ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡಿರುತ್ತದೆ. ಹೊಳಪಿರುವ ಇನ್ನೊಂದು ಮಗ್ಗುಲಲ್ಲಿ ಗಾಳಿ ನಯವಾಗಿ ಹರಿದು ಬೇಗ ಬಿಟ್ಟುಹೋಗುತ್ತದೆ. ಈ ವ್ಯತ್ಯಾಸವೇ ಚೆಂಡನ್ನು ಹೊಲಿಗೆ ವಾಲಿದ ಕಡೆಗೆ ಎಳೆಯುತ್ತದೆ. ಬಿಡುವಾಗ ಮಣಿಕಟ್ಟು ಹೊಯ್ದಾಡಿ ಹೊಲಿಗೆ ಗಿರಗಿರ ತಿರುಗಿದರೆ ಎಂಥ ಚೆಂಡೂ ನೇರವಾಗಿಯೇ ಹೋಗುತ್ತದೆ. ನಿಮ್ಮ ತೊಂದರೆ ಅದೇ ಇರಬಹುದು. ಹಳೆಯ ಚೆಂಡಿನ ಒಂದು ಅರ್ಧಕ್ಕೆ ಬಿಳಿ ಬಣ್ಣ ಬಳಿದು ಅಭ್ಯಾಸ ಮಾಡಿ. ಬಣ್ಣ ಕಲಸಿಹೋಗದೆ ಎರಡು ಪಾಲಾಗಿಯೇ ಕಂಡರೆ ಹೊಲಿಗೆ ನೆಟ್ಟಗೆ ನಿಂತಿದೆ ಎಂದರ್ಥ.

ಹೊದಿಕೆಯ ಮೇಲಿನ ಲೇಪವೂ ಲೆಕ್ಕಕ್ಕೆ ಬರುತ್ತದೆ. ಕೆಂಪು ಚೆಂಡಿಗಿಂತ ಗುಲಾಬಿ ಚೆಂಡಿಗೆ ಲೇಪ ದಪ್ಪ, ದೀಪದ ಬೆಳಕಿನಲ್ಲಿ ಬಣ್ಣ ಮಾಸಬಾರದೆಂದು. 2022ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶ್ರೀಲಂಕಾ ವಿರುದ್ಧದ ಹಗಲು-ರಾತ್ರಿ ಟೆಸ್ಟ್ ಗುಲಾಬಿ ಚೆಂಡಿನಲ್ಲೇ ನಡೆದು ಮೂರೇ ದಿನದಲ್ಲಿ ಮುಗಿಯಿತು, ಭಾರತ 238 ರನ್‌ಗಳಿಂದ ಗೆದ್ದಿತು. ಸ್ವಿಂಗ್ ಕೈಗೆ ಹತ್ತದಿದ್ದರೂ ಎದೆಗುಂದಬೇಡಿ. ನಮ್ಮ ವೆಂಕಟೇಶ ಪ್ರಸಾದ್ 1999ರ ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನದ 6 ವಿಕೆಟ್‌ಗಳನ್ನು 33 ರನ್‌ಗೆ ಕಿತ್ತವರು. ಅವರಿಗೆ ಹೆಸರು ತಂದ ಲೆಗ್ ಕಟರ್ ನೆಲಕ್ಕೆ ಕಚ್ಚಿ ತಿರುಗುವ ಎಸೆತ. ಮ್ಯಾಟ್ ಮೇಲೆ ಹೊಲಿಗೆ ಚೆನ್ನಾಗಿ ಕಚ್ಚುತ್ತದೆ. ಅದನ್ನು ಕಲಿಯಿರಿ.

ಪ್ರಶ್ನೆ: ಕಂಪನಿಯವರು ನಮ್ಮನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಬೌಲಿಂಗ್ ಆಡಿಸಿದರು. ಮೂರು ತೂತಿನ ದೊಡ್ಡ ಚೆಂಡು. ಪಕ್ಕದ ಲೇನಿನವರ ಚೆಂಡು ಕೊನೆಯಲ್ಲಿ ಬಾಗಿ ಹತ್ತೂ ಪಿನ್ ಉರುಳಿಸಿತು. ನಾನು ಎಷ್ಟು ತಿರುಗಿಸಿದರೂ ನನ್ನದು ಬಾಗಲಿಲ್ಲ. ಅದರೊಳಗೂ ಏನಾದರೂ ಇರುತ್ತದೆಯೇ?
— ಕಾರ್ಖಾನೆ ಉದ್ಯೋಗಿ, ನರಸಾಪುರ ಕೈಗಾರಿಕಾ ಪ್ರದೇಶ

ಉತ್ತರ: ಇರುತ್ತದೆ, ಅದೂ ಬಲು ಲೆಕ್ಕಾಚಾರದ್ದು. 60 ಅಡಿಯ ಆ ಮರದ ಹಾದಿಗೆ ಎಣ್ಣೆ ಬಳಿದಿರುತ್ತಾರೆ. ಮುಂಭಾಗದಲ್ಲಿ ಎಣ್ಣೆ, ಪಿನ್‌ಗಳ ಹತ್ತಿರ ಒಣ. ನಿಮಗೆ ಅಲ್ಲಿ ಕೊಟ್ಟದ್ದು ಪಾಲಿಯೆಸ್ಟರ್ ಹೊದಿಕೆಯ ಬಾಡಿಗೆ ಚೆಂಡು. ಅದು ಗಟ್ಟಿ, ನುಣುಪು, ಒಣ ಭಾಗದಲ್ಲೂ ಮರವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಪಕ್ಕದವರದು ಸ್ವಂತ ಚೆಂಡು, ಬಹುಶಃ ರಿಯಾಕ್ಟಿವ್ ರೆಸಿನ್ ಹೊದಿಕೆಯದು. 1990ರ ದಶಕದ ಆರಂಭದಲ್ಲಿ ಬಂದ ಈ ಹೊದಿಕೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವು ಎಣ್ಣೆ ಹೀರುತ್ತವೆ, ಒಣ ಮರ ಸಿಕ್ಕೊಡನೆ ಚೆಂಡು ಗಪ್ಪನೆ ಹಿಡಿದು ಬಾಗುತ್ತದೆ. ಹೊದಿಕೆಯನ್ನು ಉಪ್ಪುಕಾಗದದಿಂದ ತರಿ ಮಾಡಿದರೆ ಬೇಗ ಬಾಗುತ್ತದೆ, ಪಾಲಿಶ್ ಮಾಡಿದರೆ ತಡವಾಗಿ.

ಇನ್ನು ತಿರುಳು. ಬಾಡಿಗೆ ಚೆಂಡಿನಲ್ಲಿ ದೋಸೆಯಂತೆ ಚಪ್ಪಟೆಯಾದ ಒಂದು ಭಾರ ಇರುತ್ತದೆ, ಅಷ್ಟೆ. ಪಂದ್ಯದ ಚೆಂಡಿನಲ್ಲಿ ಬಲ್ಬಿನ ಆಕಾರದ ಗಟ್ಟಿ ತಿರುಳು ಇಟ್ಟಿರುತ್ತಾರೆ. ಭಾರ ನಡುವಿಗೆ ಹತ್ತಿರವಿದ್ದರೆ ಚೆಂಡು ಬೇಗ ಉರುಳಲು ತೊಡಗುತ್ತದೆ, ಅಂಚಿನತ್ತ ಹಂಚಿದ್ದರೆ ದೂರದವರೆಗೆ ಜಾರುತ್ತದೆ. ಕೈಚಾಚಿ ತಿರುಗುವವನು ನಿಧಾನ, ಕೈ ಮಡಚಿದವನು ಚುರುಕು ಎಂಬ ಬುಗುರಿಯಾಟದ ನಿಯಮವೇ ಇದು. ತಿರುಳು ಉದ್ದುದ್ದವಾಗಿದ್ದಷ್ಟೂ ಚೆಂಡು ತಿರುಗುವ ಅಕ್ಷ ಸುತ್ತುಸುತ್ತಿಗೆ ಸರಿಯುತ್ತದೆ, ಪ್ರತಿ ಸುತ್ತಿನಲ್ಲೂ ಎಣ್ಣೆ ಮೆತ್ತದ ಹೊಸ ಜಾಗ ಮರಕ್ಕೆ ತಾಗುತ್ತದೆ. ಆದರೂ ಹೆಚ್ಚಿನ ಪಾಲು ಹೊದಿಕೆಯದೇ. ಚರ್ಚ್ ಸ್ಟ್ರೀಟಿನ ಅಮೀಬಾದಲ್ಲಿ ರಾಷ್ಟ್ರಮಟ್ಟದ ಟೆನ್‌ಪಿನ್ ಪಂದ್ಯಗಳೂ ನಡೆದಿವೆ. ಅಂಥ ಪಂದ್ಯ ಇದ್ದಾಗ ಒಮ್ಮೆ ಹೋಗಿ ನೋಡಿ. ನೀವು ಮಾತ್ರ ಸದ್ಯಕ್ಕೆ ಬಾಡಿಗೆ ಚೆಂಡನ್ನು ನೇರವಾಗಿಯೇ ಬಿಡಿ. ಅದನ್ನು ಬಾಗಿಸಲು ಹೋದರೆ ಮಣಿಕಟ್ಟು ಉಳುಕೀತು.

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗನಿಗೆ 11 ವರ್ಷ. ದೊಡ್ಡ ಹುಡುಗರ ಜೊತೆ ಕಾರ್ಕ್ ಬಾಲಿನಲ್ಲಿ ಆಡುತ್ತಾನೆ. ಹೆಲ್ಮೆಟ್ ಇಲ್ಲ. ಬೇಡ ಅಂದರೆ ಅಳುತ್ತಾನೆ. ಏನು ಮಾಡಲಿ?
— ಗೃಹಿಣಿ, ಮಾಲೂರು

ಉತ್ತರ: ತಾಯಿ, ಆಟ ಬಿಡಿಸಬೇಡಿ, ಚೆಂಡು ಬದಲಿಸಿ. ನಮ್ಮಲ್ಲಿ ಕಾರ್ಕ್ ಬಾಲ್ ಎಂದು ಮಾರುವುದಕ್ಕೆ ತೊಗಲೂ ಇಲ್ಲ, ಒಳಗೆ ಉಣ್ಣೆ ನೂಲೂ ಇಲ್ಲ. ಇಡೀ ಚೆಂಡು ಒಂದೇ ಗಟ್ಟಿ ಅಚ್ಚು, ಹೊಲಿಗೆ ಬರೀ ಗುರುತಿಗೆ. ಪೆಟ್ಟನ್ನು ತನ್ನೊಳಗೆ ತೆಗೆದುಕೊಳ್ಳುವ ಮೆತ್ತನೆ ಪದರವೇ ಇಲ್ಲದ್ದರಿಂದ ಇಡೀ ಏಟು ಮಗುವಿನ ಮೈಗೆ ಬೀಳುತ್ತದೆ. ಅದು ಅಗ್ಗ, ಬೇಗ ಸವೆಯುವುದಿಲ್ಲ, ಅದಕ್ಕೇ ಹುಡುಗರ ಕೈಯಲ್ಲಿದೆ.

13 ವರ್ಷದೊಳಗಿನವರಿಗೆಂದೇ ಚಿಕ್ಕ ಲೆದರ್ ಬಾಲ್ ಸಿಗುತ್ತದೆ, ಸುಮಾರು 133ರಿಂದ 144 ಗ್ರಾಂ. ಎಳೆಯ ಬೆರಳುಗಳಿಗೆ ಅದು ಹಿಡಿತಕ್ಕೂ ಸಿಗುತ್ತದೆ. ಹೆಲ್ಮೆಟ್ ಬರುವವರೆಗೆ ಟೆನಿಸ್ ಬಾಲ್ ಆಡಲಿ. ಅದರಿಂದ ಆಟ ಕೆಡುವುದಿಲ್ಲ. ಭಾರತದ ಹೆಸರಾಂತ ಸ್ಪಿನ್ನರ್ ಬಿ.ಎಸ್. ಚಂದ್ರಶೇಖರ್ ಕೂಡ ಬೆಂಗಳೂರಿನ ಬೀದಿಗಳಲ್ಲಿ ರಬ್ಬರ್ ಚೆಂಡು ಆಡಿ ಬೆಳೆದವರು.

ಹೆಲ್ಮೆಟ್ ಯಾಕೆ ಬೇಕು ಎಂಬುದಕ್ಕೆ ಒಂದು ದುರಂತ ನೆನಪಾಗುತ್ತದೆ. ರಮಣ್ ಲಾಂಬಾ ಹುಟ್ಟಿದ್ದು ಚೆಂಡು ತಯಾರಿಕೆಗೇ ಹೆಸರಾದ ಮೀರತ್‌ನಲ್ಲಿ. ಭಾರತಕ್ಕೆ ಆಡಿದ ಆ ಆಟಗಾರ 1998ರಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟರ್ ಪಕ್ಕದಲ್ಲೇ ಫೀಲ್ಡಿಂಗ್‌ಗೆ ನಿಂತಿದ್ದರು. ಚೆಂಡು ತಲೆಗೆ ಬಡಿದು ತೀರಿಕೊಂಡರು. ಅನುಭವಿ ಆಟಗಾರನ ಗತಿಯೇ ಹೀಗಾಯಿತು.

ಊರಿನ ತಂಡಗಳ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ: ಈ ವರ್ಷ ಟೂರ್ನಮೆಂಟಿನ ಚಂದಾ ಎತ್ತಿದಾಗ ಟ್ರೋಫಿ ಒಂದಡಿ ಚಿಕ್ಕದಾದರೂ ಚಿಂತೆಯಿಲ್ಲ, ಮುಖಕ್ಕೆ ಜಾಲರಿ ಇರುವ ಎರಡು ಹೆಲ್ಮೆಟ್ ಮೊದಲು ತನ್ನಿ. ಚೆಂಡನ್ನು ಆಮೇಲೆ ಆರಿಸೋಣ.