ಪದವಿಯ ಅನಂತರದ ಓಟ: ಹವ್ಯಾಸಿ ಓಟಗಾರನ ಕಾಯಕ

ಶಾಲೆಯ ಬಯಲಿನಲ್ಲಿ ಮೊದಲಿಗನಾಗಿ ಓಡಿಬಂದ ಬಾಲಕನಿಗೆ ಹಾರ ಹಾಕುವವರು ಬಹುಮಂದಿ. ಅದೇ ಬಾಲಕನು ಪದವೀಧರನಾಗಿ ಬ್ಯಾಂಕಿನಲ್ಲೋ ಶಾಲೆಯಲ್ಲೋ ಅಂಗಡಿಯಲ್ಲೋ ದುಡಿಮೆಗೆ ನಿಂತ ಮೇಲೆ ಇನ್ನೂ ಓಡುತ್ತಿರುವನೇ ಎಂದು ವಿಚಾರಿಸುವವರು ವಿರಳ. ಕಾಲೇಜಿನಲ್ಲಿದ್ದಷ್ಟು ಕಾಲ ಅವನಿಗೆ ಮೈದಾನವಿತ್ತು, ದೈಹಿಕ ಶಿಕ್ಷಣದ ಗುರುಗಳಿದ್ದರು, ಅಂತರ ಕಾಲೇಜು ಕೂಟಗಳಿದ್ದವು, ಓರಗೆಯ ಜೊತೆಗಾರರಿದ್ದರು. ಪದವಿ ಕೈಸೇರಿದೊಡನೆ ಈ ನಾಲ್ಕೂ ಒಮ್ಮೆಲೇ ದೂರವಾಗುತ್ತವೆ. ಹತ್ತು ವರ್ಷ ಬೆಳೆಸಿದ ಶಕ್ತಿಯು ಎರಡೇ ವರ್ಷಗಳಲ್ಲಿ ಕರಗಿಹೋಗುವುದು ಇಲ್ಲಿಯೇ. ಮನೆಯ ಮುಂದಿನ ರಸ್ತೆಯೊಂದನ್ನೇ ನೆಚ್ಚಿ ಈ ಶಕ್ತಿಯನ್ನು ಉಳಿಸಿಕೊಳ್ಳುವ, ಅಷ್ಟೇ ಅಲ್ಲದೆ ಸ್ಪರ್ಧೆಗೆ ಯೋಗ್ಯವಾಗಿ ಬೆಳೆಸುವ ಬಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಹವ್ಯಾಸಿ ಎಂಬ ಮಾತಿನ ಅರ್ಥ

ವಿಷಯವನ್ನು ಸ್ಪಷ್ಟಪಡಿಸಲು ಒಂದು ಊರನ್ನು ಕಣ್ಣ ಮುಂದಿಟ್ಟುಕೊಳ್ಳುವುದು ಲೇಸು. ಕುಂದಾಪುರದ ಒಳನಾಡಿನಲ್ಲಿ ವಾರಾಹಿ ನದಿಯ ಆಸುಪಾಸಿನ ಹಾಲಾಡಿ ಅಂಥ ಒಂದು ಊರು. ಕೆಳದಿಯ ವೀರಶೈವ ಅರಸರು ಬಿದನೂರಿನಿಂದ ಆಳುತ್ತಿದ್ದ ಕಾಲದಲ್ಲಿ ಹೊಸಂಗಡಿ ಘಟ್ಟವನ್ನಿಳಿದು ಬಸರೂರಿನ ಬಂದರಿಗೆ ಸಾಗುತ್ತಿದ್ದ ವ್ಯಾಪಾರದ ಸೀಮೆಯಿದು. ಯಕ್ಷಗಾನದ ನೆಲವೂ ಹೌದು. ಇಲ್ಲಿಯ ಜನರಿಗೆ ವೃತ್ತಿಮೇಳ ಯಾವುದು, ಹವ್ಯಾಸಿ ತಂಡ ಯಾವುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಗಲು ಪಾಠ ಹೇಳುವ ಅಧ್ಯಾಪಕನು ರಾತ್ರಿ ಗೆಜ್ಜೆ ಕಟ್ಟಿದರೆ ಅವನು ಹವ್ಯಾಸಿ. ಆದರೆ ಹವ್ಯಾಸಿಯೆಂಬ ಕಾರಣಕ್ಕೆ ತಾಳ ತಪ್ಪಲು ಅವನಿಗೆ ಪರವಾನಗಿಯಿಲ್ಲ. ಚೆಂಡೆಯ ಮುಂದೆ ಇಬ್ಬರಿಗೂ ಒಂದೇ ಲೆಕ್ಕ.

ಓಟದಲ್ಲಿಯೂ ಹಾಗೆಯೇ. ಹವ್ಯಾಸಿ ಓಟಗಾರನೆಂದರೆ ಮನಬಂದಾಗ ಓಡುವವನಲ್ಲ; ಜೀವನೋಪಾಯಕ್ಕೆ ಬೇರೊಂದು ಉದ್ಯೋಗವನ್ನಿಟ್ಟುಕೊಂಡು ಓಟವನ್ನು ನಿಯಮದಿಂದ ನಡೆಸುವವನು. ಶರಣರು ಕಾಯಕಕ್ಕೆ ಕೊಟ್ಟ ಅರ್ಥವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಫಲಕ್ಕಿಂತ ಮೊದಲು ಕ್ರಮಕ್ಕೆ ಗೌರವ ಸಲ್ಲಬೇಕು.

ಬೆಳಗಾವಿಯ ಹಿರಿಯ ನಿದರ್ಶನ

ಕನ್ನಡನಾಡಿನಲ್ಲಿ ಇದಕ್ಕೆ ಶತಮಾನ ಮೀರಿದ ನಿದರ್ಶನವಿದೆ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕ್ರೀಡಾಕೂಟದಲ್ಲಿ ಬರಿಗಾಲಿನಿಂದ ಓಡುತ್ತಿದ್ದ ರೈತಾಪಿ ತರುಣರನ್ನು ಕಂಡ ಸರ್ ದೊರಾಬ್ಜಿ ಟಾಟಾ ಅವರು ಭಾರತದ ಓಟಗಾರರನ್ನು ಒಲಿಂಪಿಕ್ ಕೂಟಕ್ಕೆ ಕಳುಹಿಸಲು ಮುಂದಾದರು. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿಗೆ ತೆರಳಿದ ಆ ಚಿಕ್ಕ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಅವರಿದ್ದರು. ಹಣಕ್ಕಾಗಿ ಓಡುವವರಿಗೆ ಒಲಿಂಪಿಕ್ ಪ್ರವೇಶವೇ ಇಲ್ಲದ ಕಾಲವದು.

ಆ ವರ್ಷದ ಮ್ಯಾರಥಾನ್ ಓಟದ ದೂರ 42.75 ಕಿ.ಮೀ.; ಇಂದಿನ 42.195 ಕಿ.ಮೀ.ಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಹಾನೆಸ್ ಕೋಲೆಹ್ಮೈನೆನ್ ಅವರಿಗಿಂತ ಸುಮಾರು 18 ನಿಮಿಷ ಹಿಂದೆ. ಪದಕವೇನೂ ಬರಲಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಅವರು ಪ್ರತಿ ಕಿಲೋಮೀಟರಿಗೆ ತೆಗೆದುಕೊಂಡದ್ದು ಸುಮಾರು 4 ನಿಮಿಷ. ಇಂದಿನ ಹವ್ಯಾಸಿಯು 10 ಕಿ.ಮೀ.ಯನ್ನು 40 ನಿಮಿಷಗಳಲ್ಲಿ ಓಡಿದರೆ ಅದೊಂದು ಮೆಚ್ಚತಕ್ಕ ಸಾಧನೆ. ಚೌಗುಲೆಯವರು ಅದೇ ವೇಗವನ್ನು ಅದರ ನಾಲ್ಕು ಪಟ್ಟಿಗೂ ಮೀರಿದ ದೂರಕ್ಕೆ ಕಾಯ್ದುಕೊಂಡಿದ್ದರು. ತನ್ನ ಅಳತೆಯನ್ನು ತಾನೇ ತಿಳಿಯಲು ತರುಣರಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಬೇಕಾಗಿಲ್ಲ.

ದಾರಿಯ ಅಳತೆ

ಮೈದಾನದ ಸುತ್ತು 400 ಮೀಟರ್ ಎಂದು ನಿಶ್ಚಯವಾಗಿರುತ್ತದೆ. ರಸ್ತೆಗೆ ಆ ನಿಶ್ಚಯವಿಲ್ಲ. ಆದ್ದರಿಂದ ರಸ್ತೆ ಓಟದಲ್ಲಿ ಮೊದಲ ಶಿಸ್ತು ಅಳತೆಯದು. ಅಂಗೀಕೃತ ಸ್ಪರ್ಧೆಗಳಲ್ಲಿ ಸೈಕಲ್ಲಿನ ಮುಂದಿನ ಗಾಲಿಗೆ ಎಣಿಕೆಯ ಸಾಧನವನ್ನು ಅಳವಡಿಸಿ, ಅದನ್ನು ಉಕ್ಕಿನ ಪಟ್ಟಿಯಿಂದ ಅಳೆದ ದೂರಕ್ಕೆ ಹೋಲಿಸಿ ಸರಿಪಡಿಸಿ, ಓಟಗಾರನು ಹಿಡಿಯಬಹುದಾದ ಅತಿ ಸಮೀಪದ ಹಾದಿಯಲ್ಲಿ ಅಳೆಯುತ್ತಾರೆ. ದೂರ ಕಡಿಮೆಯಾಗದಿರಲೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ದಾಖಲೆಗೆ ಸಲ್ಲಬೇಕಾದರೆ ಆರಂಭಕ್ಕೂ ಮುಕ್ತಾಯಕ್ಕೂ ನಡುವಣ ನೇರ ಅಂತರವು ಓಟದ ದೂರದ ಅರ್ಧವನ್ನು ಮೀರಬಾರದು. ಒಟ್ಟು ಇಳಿಜಾರು ಕಿಲೋಮೀಟರಿಗೆ ಒಂದು ಮೀಟರಿಗಿಂತ ಹೆಚ್ಚಿರಬಾರದು.

ಈ ನಿಯಮದ ಮರ್ಮ ಹಾಲಾಡಿಯಲ್ಲಿ ಚೆನ್ನಾಗಿ ಅರಿವಾಗುತ್ತದೆ. ಅಲ್ಲಿಂದ ಬಿದ್ಕಲ್‌ಕಟ್ಟೆಯ ಮೂಲಕ ಕೋಟೇಶ್ವರದ ಕಡೆಗೆ ಹೋಗುವ ರಸ್ತೆ ಏರಿಳಿತಗಳ ನಡುವೆಯೂ ಒಟ್ಟಿನಲ್ಲಿ ಕಡಲಿನತ್ತ ಇಳಿಯುತ್ತದೆ. ಒಂದೇ ದಿಕ್ಕಿನಲ್ಲಿ ಓಡಿದವನ ಗಡಿಯಾರ ಅವನನ್ನು ಹೊಗಳೀತು. ಆ ಹೊಗಳಿಕೆ ಇಳಿಜಾರಿಗೆ ಸೇರಿದ್ದು. ಐದು ಕಿಲೋಮೀಟರ್ ಹೋಗಿ ಅದೇ ದಾರಿಯಲ್ಲಿ ಮರಳಿದರೆ ಇಳಿದದ್ದೆಲ್ಲವನ್ನೂ ಏರಬೇಕಾಗುತ್ತದೆ. ಆಗ ಬರುವ ಸಮಯ ಪ್ರಾಮಾಣಿಕವಾದುದು. ಮರಗಳು ದಟ್ಟವಾಗಿರುವ ತಿರುವುಗಳಲ್ಲಿ ಮೊಬೈಲ್ ಫೋನು ತೋರಿಸುವ ದೂರವನ್ನೂ ಪೂರ್ತಿಯಾಗಿ ನಂಬಲಾಗದು.

ಅಭ್ಯಾಸದ ಕ್ರಮ

ಕಾಲೇಜು ಬಿಟ್ಟು ಕೆಲವು ವರ್ಷಗಳ ಮೇಲೆ ಮತ್ತೆ ಓಡಲು ಹೊರಡುವವನ ಮೊದಲ ಶತ್ರು ಅವನ ಹಳೆಯ ದಾಖಲೆ. ಇಪ್ಪತ್ತರ ವಯಸ್ಸಿನ ಸಮಯವನ್ನು ಮೊದಲ ವಾರವೇ ಬೆನ್ನಟ್ಟಿದರೆ ಮೊಣಗಂಟೋ ಕಣಕಾಲೋ ನೋವಿಗೆ ತುತ್ತಾಗುವುದು ಸಹಜ. ಹೃದಯ ಮತ್ತು ಶ್ವಾಸ ಕೆಲವೇ ವಾರಗಳಲ್ಲಿ ಹದಗೊಳ್ಳುತ್ತವೆ. ಎಲುಬು ಮತ್ತು ಸ್ನಾಯುಬಂಧಗಳು ಹದಗೊಳ್ಳಲು ತಿಂಗಳುಗಳು ಬೇಕು. ಉಸಿರು ಒಪ್ಪಿದ್ದನ್ನು ಕಾಲು ಒಪ್ಪುವವರೆಗೆ ಕಾಯುವುದೇ ವಿವೇಕ.

ದುಡಿಯುವವನಿಗೆ ವಾರದಲ್ಲಿ ಐದು ಅಥವಾ ಆರು ದಿನಗಳ ಓಟ ಸಾಕು. ಅವುಗಳಲ್ಲಿ ಹೆಚ್ಚಿನವು ನಿಧಾನದ ಓಟಗಳಾಗಿರಬೇಕು. ಪಕ್ಕದವರೊಡನೆ ತಡವರಿಸದೆ ಮಾತನಾಡಲು ಸಾಧ್ಯವಾಗುವಷ್ಟು ನಿಧಾನ. ಹೃದಯವು ಒಮ್ಮೆಗೆ ಹೆಚ್ಚು ರಕ್ತವನ್ನು ತಳ್ಳಲು ಕಲಿಯುವುದೂ, ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದೂ ಬಹುಮಟ್ಟಿಗೆ ಈ ನಿಧಾನದ ದುಡಿಮೆಯಿಂದಲೇ. ಒಂದು ದಿನ ದೀರ್ಘ ಓಟ. ಮತ್ತೊಂದು ದಿನ ವೇಗದ ಅಭ್ಯಾಸ: ಸ್ಪರ್ಧೆಯ ವೇಗದಲ್ಲಿ ಒಂದು ಕಿಲೋಮೀಟರ್, ಅನಂತರ ಎರಡು ಮೂರು ನಿಮಿಷ ಮೆಲ್ಲನೆಯ ಓಟ, ಹೀಗೆ ಐದು ಬಾರಿ. ಪ್ರತಿದಿನವೂ ಏದುಸಿರು ಬಿಡುವವನು ಬೇಗ ಬೆಳೆಯುವನೆಂಬುದು ಭ್ರಮೆ. ಅವನು ಬೇಗ ಬಿಡುವನು.

ಕರಾವಳಿಯ ಹವೆಯನ್ನೂ ಗಣನೆಗೆ ತರಬೇಕು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ಕಾಲದಲ್ಲಿ ಸೆಕೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ಬೆವರು ಸುರಿಯುತ್ತದೆಯೇ ಹೊರತು ಆವಿಯಾಗುವುದಿಲ್ಲ. ಆವಿಯಾಗದ ಬೆವರು ಮೈಯನ್ನು ತಂಪಾಗಿಸದು. ಆದ್ದರಿಂದ ಘಟ್ಟದ ಮೇಲಿನವನು ಇಲ್ಲಿಗೆ ಬಂದು ಓಡುವುದಾದರೆ ದೇಹ ಒಗ್ಗಿಕೊಳ್ಳಲು 10ರಿಂದ 14 ದಿನಗಳ ಅವಕಾಶ ಬೇಕು. ಓಡುವಾಗ ತಲೆ ಸುತ್ತಿದರೆ, ಸೆಕೆಯಲ್ಲಿಯೂ ಚಳಿ ಹುಟ್ಟಿದರೆ, ನಿಲ್ಲುವುದು ಹೇಡಿತನವಲ್ಲ. ಕಾಲುದಾರಿಯಿಲ್ಲದ ರಸ್ತೆಗಳಲ್ಲಿ ಬಲಬದಿ ಹಿಡಿದು, ಎದುರು ಬರುವ ಬಸ್ಸುಗಳನ್ನು ಕಾಣುತ್ತ ಓಡುವುದು ಜೀವರಕ್ಷಣೆಯ ನಿಯಮ.

ಸ್ಪರ್ಧೆಯ ದಿನ

2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 10 ಕಿ.ಮೀ. ರಸ್ತೆ ಓಟವು ಜಗತ್ತಿನ ಶ್ರೇಷ್ಠ ಓಟಗಾರರಿಗೂ ಸಾಮಾನ್ಯ ಹವ್ಯಾಸಿಗಳಿಗೂ ಒಂದೇ ಕೂಟದಲ್ಲಿ ಸ್ಥಾನ ಕೊಟ್ಟಿತು. ಸಾವಿರಾರು ಜನರ ನಡುವೆ ಹವ್ಯಾಸಿಯು ಹೂಡುವ ಸ್ಪರ್ಧೆ ನಿಜವಾಗಿ ತನ್ನ ಹಿಂದಿನ ಸಮಯದೊಡನೆ. 45 ನಿಮಿಷದ ಗುರಿಯಿದ್ದವನು ಪ್ರತಿ ಕಿಲೋಮೀಟರನ್ನು 4 ನಿಮಿಷ 30 ಸೆಕೆಂಡಿಗೆ, ಅರ್ಧ ದಾರಿಯನ್ನು 22 ನಿಮಿಷ 30 ಸೆಕೆಂಡಿಗೆ ಮುಗಿಸಬೇಕು. ಜನಸಂದಣಿಯ ಉತ್ಸಾಹದಲ್ಲಿ ಮೊದಲ ಕಿಲೋಮೀಟರಿನಲ್ಲಿ ಗಳಿಸಿದ ಇಪ್ಪತ್ತು ಸೆಕೆಂಡುಗಳನ್ನು ಎಂಟನೆಯ ಕಿಲೋಮೀಟರಿನಲ್ಲಿ ಬಡ್ಡಿಸಹಿತ ತೆರಬೇಕಾಗುತ್ತದೆ. ಆರಂಭದಲ್ಲಿ ಸಂಯಮ, ನಡುವೆ ಸಮತೆ, ಕೊನೆಯ ಎರಡು ಕಿಲೋಮೀಟರಿನಲ್ಲಿ ಧೈರ್ಯ: ಹತ್ತು ಕಿಲೋಮೀಟರಿನ ಯುದ್ಧನೀತಿ ಇಷ್ಟೇ.

ವಿದ್ಯಾಸಂಸ್ಥೆಗಳ ಹೊಣೆ

ಓಟಗಾರನು ತನ್ನ ಪಾಲಿನ ಶ್ರಮವನ್ನು ಮಾಡಬಲ್ಲ. ಜೊತೆಯನ್ನು ಮಾತ್ರ ಒಬ್ಬನೇ ಸೃಷ್ಟಿಸಲಾರ. ಅದು ಸಂಸ್ಥೆಗಳ ಕೆಲಸ. ಶಾಲೆಯ ಬಾಗಿಲಿನಿಂದ ಐದು ಕಿಲೋಮೀಟರ್ ದಾರಿಯನ್ನು ಸರಿಯಾಗಿ ಅಳೆದು, ಪ್ರತಿ ಕಿಲೋಮೀಟರಿಗೊಂದು ಕಲ್ಲು ನೆಡಲು ದೊಡ್ಡ ದೇಣಿಗೆ ಬೇಕಾಗಿಲ್ಲ. ವರ್ಷಕ್ಕೊಮ್ಮೆ ಬಸವ ಜಯಂತಿಯ ಆಸುಪಾಸಿನ ಮುಂಜಾನೆಯಲ್ಲಿ ಹಳೆಯ ವಿದ್ಯಾರ್ಥಿಗಳ ಓಟವನ್ನು ನಡೆಸಿ, ಪ್ರತಿಯೊಬ್ಬನ ಸಮಯವನ್ನೂ ಒಂದು ದಫ್ತರದಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಅವನು ಮರಳಿ ಬರಲು ಕಾರಣವೊಂದು ದೊರೆಯುತ್ತದೆ. ಮೂವತ್ತರವರು, ನಲವತ್ತರವರು, ಐವತ್ತರವರು ತಮ್ಮ ತಮ್ಮ ವಯೋವರ್ಗದಲ್ಲಿ ಸ್ಪರ್ಧಿಸಲಿ. ಹೆಣ್ಣುಮಕ್ಕಳಿಗೂ ಮದುವೆಯಾದ ಮೇಲೆ ಓಟದ ದಾರಿ ಮುಚ್ಚದಿರಲಿ.

ಕಾಯಕವು ದಾಸೋಹದಲ್ಲಿ ಪೂರ್ಣವಾಗಬೇಕೆಂಬುದು ಶರಣರ ದೃಷ್ಟಿ. ಹವ್ಯಾಸಿ ಓಟಗಾರನ ದಾಸೋಹವೂ ಸರಳವಾದುದೇ: ತಾನು ಕಲಿತ ಕ್ರಮವನ್ನು ಶಾಲೆಯ ಮಕ್ಕಳಿಗೆ ಹೇಳಿಕೊಡುವುದು, ವಾರಕ್ಕೊಂದು ಬೆಳಗು ಗಡಿಯಾರ ಹಿಡಿದು ಅವರ ದಾರಿಯಲ್ಲಿ ನಿಲ್ಲುವುದು. ಪದವಿಯ ಮೇಲೂ ಓಡುವ ಹಿರಿಯನೊಬ್ಬನನ್ನು ಕಣ್ಣಾರೆ ಕಂಡ ಬಾಲಕನು, ಓಟವು ಶಾಲೆಯೊಂದಿಗೆ ಮುಗಿಯುವ ಆಟವಲ್ಲವೆಂಬುದನ್ನು ಉಪದೇಶವಿಲ್ಲದೆಯೇ ಕಲಿಯುತ್ತಾನೆ.